ಇಲಿ ಎಣಿಸಿದರೆ ಸಾಲದು, ಉಣುಗೂ ಎಣಿಸಿ

ಸಂಪಾದಕರೇ,

ಉಣುಗಿನಿಂದ ಹರಡುವ ರೋಗಗಳ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಕಾಡಿಲಿ ಅರ್ಧ ಆದರೆ ರೋಗವೂ ಅರ್ಧ ಆಗುತ್ತದೆ ಅಂತ ಗಣಿತದ ಮಾದರಿ ಹೇಳುತ್ತದಂತೆ. ಯಾವ ಮಾದರಿ ಸ್ವಾಮಿ? ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಲೆಕ್ಕ, ಅಂದ್ರೆ ರೋಗ ತಗಲಬಹುದಾದವರು, ತಗಲಿದವರು, ಗುಣವಾದವರು ಅಂತ ಮೂರು ಗುಂಪು ಮಾಡುವುದು, 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅನ್ನುವ ಇಬ್ಬರು ವಿಜ್ಞಾನಿಗಳು ಹಾಕಿಕೊಟ್ಟದ್ದು. ನೇರವಾಗಿ ಅಂಟುವ ರೋಗಕ್ಕೆ ಅದು ಸರಿ. ಉಣುಗಿನ ವಿಷಯಕ್ಕೆ ಅದನ್ನೇ ಎತ್ತಿ ತಂದರೆ ನಡೆಯಲ್ಲ.

ಉಣುಗು ಕಚ್ಚಿ ಬರುವ ಬ್ಯಾಕ್ಟೀರಿಯಾ ಸೋಂಕಾದ ಲೈಮ್ ರೋಗವನ್ನೇ ನೋಡಿ. ಅದನ್ನು ಹರಡುವ ಉಣುಗು ಸೊಳ್ಳೆಯ ಹಾಗೆ ದಿನಾ ಬಂದು ಕಚ್ಚುವುದಿಲ್ಲ, ಮರಿ, ನಿಂಫ್, ಬೆಳೆದ ಉಣುಗು ಅಂತ ಮೂರು ಹಂತ, ಹಂತಕ್ಕೊಂದೇ ಊಟ. ಮರಿಗೆ ಹುಟ್ಟುವಾಗ ಸೋಂಕು ಇರುವುದಿಲ್ಲ ಅಂತಲೇ ಹೇಳಬಹುದು. ಇಲಿಯ ರಕ್ತ ಹೀರಿ ಪಡೆಯುತ್ತದೆ, ಉದುರುತ್ತದೆ, ಪೊರೆ ಬಿಡುತ್ತದೆ, ಮುಂದಿನ ವರ್ಷ ಗಸಗಸೆ ಕಾಳಿನಷ್ಟಿರುವ ನಿಂಫ್ ಆಗಿ ಇನ್ನೊಂದು ಇಲಿಗೋ ಮನುಷ್ಯರಿಗೋ ಕೊಡುತ್ತದೆ. ಈ ಒಂದು ವರ್ಷದ ಅಂತರ ಮಾದರಿಯಲ್ಲಿ ಇರಲೇಬೇಕು, ಅಲ್ವಾ? ಇನ್ನೊಂದು, ಇಲಿ ಕೊಂದ ಮಾತ್ರಕ್ಕೆ ನೆಲದ ಮೇಲಿನ ಉಣುಗು ಸಾಯುವುದಿಲ್ಲ. ಉಳಿದ ಇಲಿಗಳ ಮೇಲೆ ಜಾಸ್ತಿ ಹತ್ತಬಹುದು.

ನನಗೆ ನಿಜವಾಗಿ ಬೇಜಾರಾಗಿದ್ದು ಸರಾಸರಿಯ ವಿಷಯದಲ್ಲಿ. ಇಲಿಗೆ ಐದು ಉಣುಗು ಅಂತ ಸುಮ್ನೆ ಬರೆದುಬಿಟ್ಟರೆ ಆಯ್ತಾ? ಹತ್ತು ಇಲಿ ಹಿಡಿದಿರಿ ಅಂದುಕೊಳ್ಳಿ. ಏಳರ ಮೇಲೆ ಒಂದೊಂದು, ಎರಡರ ಮೇಲೆ ನಾಲ್ಕು ನಾಲ್ಕು, ಕೊನೆಯದರ ಕಿವಿಯಂಚಿನಲ್ಲಿ ಒತ್ತೊತ್ತಾಗಿ ಮೂವತ್ತೈದು. ಸರಾಸರಿ ಐದೇ. ಆದರೆ ಇಲಿಗೆ ರೋಗ ಬರಲಿಕ್ಕೂ ಉಣುಗು ಬೇಕು, ಅದರಿಂದ ಹೋಗಲಿಕ್ಕೂ ಉಣುಗು ಬೇಕು, ಹಾಗಾಗಿ ಒರಟು ಲೆಕ್ಕದಲ್ಲಿ ರೋಗ ಹರಡುವುದರಲ್ಲಿ ಒಂದು ಇಲಿಯ ಪಾಲು ಉಣುಗಿನ ಸಂಖ್ಯೆಯ ವರ್ಗದಷ್ಟು, ಅಂದ್ರೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಷ್ಟು. ಕೂಡಿ ನೋಡಿ, 1264 ಬರುತ್ತದೆ. ಎಲ್ಲಕ್ಕೂ ಐದೈದು ಹಂಚಿದ್ದರೆ ಬರೀ 250. ಆ 1264ರಲ್ಲಿ 1225 ಮೂವತ್ತೈದು ಉಣುಗಿನ ಆ ಒಂದೇ ಇಲಿಯದ್ದು! ಯುರೋಪಿನ ಕಾಡುಗಳಲ್ಲಿ ಇಂಥವು ಹೆಚ್ಚಾಗಿ ಬಲಿತ, ದಪ್ಪನೆಯ ಗಂಡಿಲಿಗಳು. ಉಣುಗಿನಿಂದ ಬರುವ ಮಿದುಳಿನ ಉರಿಯೂತದ ವೈರಸ್ಸಂತೂ ಇನ್ನೂ ಕಿಲಾಡಿ. ಇಲಿಯ ರಕ್ತದಲ್ಲಿ ಕೆಲವೇ ದಿನ ಇದ್ದರೂ, ಒಂದೇ ಕಿವಿಯಲ್ಲಿ ಪಕ್ಕ ಪಕ್ಕ ಕೂತು ಹೀರುವಾಗ ಉಣುಗಿನಿಂದ ಉಣುಗಿಗೆ ದಾಟಿಬಿಡುತ್ತದೆ.

ನಾನು ಇಲಿ ಹಿಡಿಯುವವನಲ್ಲ, ಲೆಕ್ಕ ಕಲಿಸುವವನು. ಆದರೂ ಕೇಳುತ್ತೇನೆ: ಅರ್ಧ ಇಲಿಗಳನ್ನು ತೆಗೆದಾಗ ಆ ಮೂವತ್ತೈದರ ಇಲಿ ಯಾವ ಅರ್ಧದಲ್ಲಿತ್ತು? ಮುಂದಿನ ಸಲ ಗ್ರಾಫ್ ಹಾಕುವಾಗ ಯಾವ ಇಲಿಯ ಮೇಲೆ ಎಷ್ಟು ಉಣುಗಿತ್ತು ಅನ್ನುವುದನ್ನೂ ಪಕ್ಕದಲ್ಲಿ ಹಾಕಿಸಿ.

— ಒಬ್ಬ ಗಣಿತ ಮೇಷ್ಟ್ರು