ಗೆಳೆಯನಿಗೊಂದು ಪತ್ರ: ಸಣ್ಣತ್ತೆ ಮತ್ತು ಕಲ್ಪನಾ

ಪ್ರಿಯ ಮೇಷ್ಟ್ರೇ,

ಧಾರವಾಡದವರಿಗೆಲ್ಲ ನೀನು ಪ್ರೊಫೆಸರ್ ಆಗಿರಬಹುದು, ನನಗೆ ಮಾತ್ರ ಹಾಸ್ಟೆಲಿನ ಮೇಷ್ಟ್ರೇ. ಆ ಹೆಸರು ಯಾಕೆ ಬಂತೆಂದು ಇಲ್ಲಿ ಬರೆದರೆ ನಾಳೆ ನಿನ್ನ ವಿದ್ಯಾರ್ಥಿಗಳು ತರಗತಿಯಲ್ಲಿ ನಗುತ್ತಾರೆ. ಬರೆಯುವುದಿಲ್ಲ. ಹೆಣ ಸೀನಿದ ಪ್ರಸಂಗವನ್ನಂತೂ ಖಂಡಿತ ಬರೆಯುವುದಿಲ್ಲ.

ಪುಸ್ತಕ ಓದಿದವನು ಅದರ ಸಿನಿಮಾ ನೋಡಬಾರದು, ಸಿನಿಮಾ ಮಾತ್ರ ನೋಡಿದವನು ಪುಸ್ತಕದ ಸುದ್ದಿಗೆ ಬರಬಾರದು ಎಂದು ನೀನು ಹೊರಡಿಸಿದ ಫರ್ಮಾನು ಓದಿದೆ. ಅದರ ಕೆಳಗೆ ಶಿಷ್ಯವೃಂದ ಜೈಕಾರ ಹಾಕಿದ್ದನ್ನೂ ನೋಡಿದೆ. ಫೋನು ಮಾಡಿ ಬೈಯಬಹುದಿತ್ತು. ಆದರೆ ನನ್ನ ಹೆಸರು ಹಾಕಿ ಎಲ್ಲರೆದುರು ಕೆಣಕಿದವನು ನೀನು; ಉತ್ತರವೂ ಎಲ್ಲರೆದುರೇ ಬರಲಿ. ನಮ್ಮ ಜಗಳ ನೋಡಲು ಅಂಗಳದಲ್ಲಿ ಕುಳಿತಿರುವವರಿಗೂ ಪುಕ್ಕಟೆ ಮನರಂಜನೆ ಸಿಗಲಿ.

ನಿನ್ನ ಬತ್ತಳಿಕೆಯ ಮೊದಲ ಬಾಣ ಯಾವುದೆಂದು ನನಗೆ ಗೊತ್ತು. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ತರಾಸು ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಮೂರನ್ನೂ ಕಲಸಿ ಒಂದು ಚಿತ್ರ ಮಾಡಿದರು. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ತರಾಸು ಮುನಿಸಿಕೊಂಡರು ಎಂಬ ಕಥೆ. ಇದನ್ನು ನೀನು ಹೇಳಿ ಹೇಳಿ ಮೆಸ್ಸಿನ ಭಟ್ಟರಿಗೂ ಬಾಯಿಪಾಠವಾಗಿತ್ತು. ಆಗಲಪ್ಪ, ಕೇರೆಹಾವೇ ಇರಲಿ. ಆದರೆ ಚಿತ್ರದುರ್ಗದ ಕೋಟೆ ಹತ್ತುವವರಲ್ಲಿ ಎಷ್ಟು ಜನ ಕಾದಂಬರಿಯ ರಾಮಾಚಾರಿಯನ್ನು ನೆನೆಯುತ್ತಾರೆ? ವಿಷ್ಣುವರ್ಧನ್ ನಿಂತಿದ್ದ ಬಂಡೆ ಯಾವುದು ಎಂದೇ ಕೇಳುತ್ತಾರೆ. ಚಾಮಯ್ಯ ಮೇಷ್ಟ್ರು ಎಂದರೆ ನಿನ್ನ ಕಣ್ಣೆದುರಿಗೂ ಬರುವುದು ಅಶ್ವತ್ಥ್ ಅವರೇ. ಎದೆ ಮುಟ್ಟಿಕೊಂಡು ಇಲ್ಲ ಎನ್ನು ನೋಡೋಣ.

'ಚೋಮನ ದುಡಿ' 1933ರ ಕಾದಂಬರಿ. ಶಿವರಾಮ ಕಾರಂತರ ವಾಕ್ಯಗಳಲ್ಲೇ ದುಡಿ ಕೇಳಿಸುತ್ತದೆ ಎನ್ನುತ್ತೀಯ. ನಿನ್ನ ಕಿವಿ ದೊಡ್ಡದು. ನನ್ನಂಥವನಿಗೆ ಅದು ಕೇಳಿಸಲು ಬಿ.ವಿ. ಕಾರಂತರು 1975ರಲ್ಲಿ ಚಿತ್ರ ಮಾಡಬೇಕಾಯಿತು, ಎಂ.ವಿ. ವಾಸುದೇವರಾಯರು ಕುಡಿದು, ಸಿಟ್ಟು ನೆತ್ತಿಗೇರಿ ದುಡಿ ಬಾರಿಸಬೇಕಾಯಿತು. ಇನ್ನೊಂದು ಕಡೆ ನಿನಗೆ ಸೋಲುತ್ತೇನೆ. ಅನಂತಮೂರ್ತಿಯವರ 'ಸಂಸ್ಕಾರ' ಓದಿದರೆ ಅಗ್ರಹಾರದ ನಾತ ಮೂಗಿಗೆ ಬಡಿಯುತ್ತದೆ. ಇಲಿಗಳು ಸುತ್ತುತ್ತ ಬಂದು ಸಾಯುವ ಪುಟಗಳನ್ನು ಊಟದ ಹೊತ್ತಿನಲ್ಲಿ ಓದಲಾಗುವುದಿಲ್ಲ. 1970ರ ಚಿತ್ರದಲ್ಲಿ ಸ್ವತಃ ಲಂಕೇಶರೇ ಹೆಣವಾಗಿ ಬೀಳುವ ನಾರಣಪ್ಪನಾದರೂ ಆ ನಾತ ಬರಲಿಲ್ಲ. ತೆರೆಗೆ ಕಣ್ಣು ಕಿವಿ ಎರಡೂ ಇವೆ, ಮೂಗಿಲ್ಲ. ನಾರಣಪ್ಪನ ಪಾತ್ರದ ಕಷ್ಟ ಏನೆಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರು, ಬಿಡು.

ಓದುವಾಗ ನಟರ ಮುಖ ಅಡ್ಡ ಬರುತ್ತದೆ ಎನ್ನುವುದು ನಿನ್ನ ದೊಡ್ಡ ತಕರಾರು. ಬರಲಿ ಬಿಡು ಮಾರಾಯ. ತೇಜಸ್ವಿಯವರ ತಬರನನ್ನು ಓದುವಾಗಲೆಲ್ಲ ನನಗೆ ಚಾರುಹಾಸನ್ ಅವರೇ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಇದರಿಂದ ತಬರನಿಗೇನೂ ನಷ್ಟವಿಲ್ಲ. ಪಾತ್ರಗಳಿಗೆ ಮೊದಲೇ ಮುಖ ಇರುವುದಿಲ್ಲವಲ್ಲ, ಯಾರಾದರೂ ಒಂದು ಸಾಲ ಕೊಟ್ಟರೆ ತಪ್ಪೇನು ಎಂಬುದು ನನ್ನ ವಾದವಾಗಿತ್ತು. ಆಗಿತ್ತು ಎಂದು ಬರೆದಿದ್ದೇನೆ, ಗಮನಿಸು.

ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಮೊನ್ನೆ ತ್ರಿವೇಣಿಯವರ 'ಶರಪಂಜರ' ಸಿಕ್ಕಿತು. ಯಾವುದೋ ಊರಿನ, ಎಂದೋ ಮುಚ್ಚಿದ ಬಾಡಿಗೆ ಲೈಬ್ರರಿಯ ಪ್ರತಿ. ರಟ್ಟಿನ ಬೈಂಡು, ದಾರ ಸಡಿಲಾಗಿದೆ. ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ನೀಲಿ ಮೊಹರಿನ ತಾರೀಖುಗಳು ಒಂದರ ಮೇಲೊಂದು ಹತ್ತಿ ಕುಳಿತಿವೆ. ಅಂಚಿನ ತುಂಬ ಪೆನ್ಸಿಲಿನ ಬರಹ. ಕಥಾನಾಯಕಿ ಕಾವೇರಿ ಮನೋರೋಗದ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದಮೇಲೆ ಒಬ್ಬಾಕೆ ದುಂಡಗಿನ ಅಕ್ಷರದಲ್ಲಿ 'ಪಾಪ' ಎಂದು ಬರೆದಿದ್ದಾಳೆ. ಅದರ ಕೆಳಗೆ ಬೇರೆ ಕೈ, ಓರೆ ಅಕ್ಷರ: 'ಯಾರು ಪಾಪ?' ಮುಂದೆ ಇನ್ನೊಂದೆಡೆ ಮೊದಲಿನವಳೇ, ಪೆನ್ಸಿಲ್ ಒತ್ತಿ ಕಾಗದ ಹರಿಯುವ ಹಾಗೆ: 'ಇಂಥ ಗಂಡನಿಗೆ ಧಿಕ್ಕಾರ.' ಮೇಷ್ಟ್ರೇ, ನಿನ್ನ ವಿಚಾರ ಸಂಕಿರಣಗಳಲ್ಲಿ ಓದುವ ಪ್ರಬಂಧಗಳಿಗಿಂತ ಈ ಇಬ್ಬರ ಮಾತುಕತೆ ಚುರುಕಾಗಿದೆ.

ತ್ರಿವೇಣಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಪುಟ್ಟಣ್ಣ 'ಬೆಳ್ಳಿಮೋಡ' ಮಾಡಿದ್ದು 1967ರಲ್ಲಿ, 'ಶರಪಂಜರ' ಮಾಡಿದ್ದು 1971ರಲ್ಲಿ. ತರಾಸು ಅವರಿಗೆ ಮುನಿಸಿಕೊಳ್ಳುವ ಭಾಗ್ಯವಾದರೂ ಇತ್ತು. ಈಕೆ ಏನನ್ನೂ ನೋಡಲಿಲ್ಲ. ಕಾವೇರಿಯಾಗಿ ಕಲ್ಪನಾ ಇಡೀ ಕರ್ನಾಟಕದ ಹೆಂಗಸರನ್ನು ಅಳಿಸಿದ್ದನ್ನೂ, 'ಬಿಳಿಗಿರಿ ರಂಗಯ್ಯ'ನ ಹಾಡು ಮನೆಮನೆಗೆ ಹೋದದ್ದನ್ನೂ.

ಈಗ ನನ್ನ ಸಣ್ಣತ್ತೆಯ ವಿಷಯಕ್ಕೆ ಬರುತ್ತೇನೆ. ನಿನಗೂ ಹೇಳಿರಲಿಲ್ಲ. ಇಲ್ಲಿ ಹೇಳಬಹುದೇ ಎಂದು ಯೋಚಿಸಿದೆ. ಯೋಚಿಸುವಷ್ಟರಲ್ಲಿ ಬರೆದೂ ಆಯಿತು.

ಅಪ್ಪನ ಕೊನೆಯ ತಂಗಿ. ಮದುವೆಯಾಗಿ ಹೋದವಳು ಕೆಲವು ವರ್ಷಗಳ ಮೇಲೆ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಳೆ ಎಂದು ಸುದ್ದಿ ಬಂತು. ಅಲ್ಲಿಂದ ನೇರ ನಮ್ಮ ಮನೆಗೆ ಬಂದಳು, ತೀರ್ಥಹಳ್ಳಿಯ ಕಡೆಯ ಆ ಹಂಚಿನ ಮನೆಗೆ. ಯಾಕೆ, ಏನು ಎಂದು ಮಕ್ಕಳೆದುರು ಯಾರೂ ಮಾತನಾಡುತ್ತಿರಲಿಲ್ಲ. ನನಗೆ ಅವಳ ನೆನಪು ಬಹಳ ಸ್ಪಷ್ಟವಾಗಿತ್ತು: ನಿಲುವುಗನ್ನಡಿಯ ಮುಂದೆ ಕೂದಲು ಬಿಚ್ಚಿ ನಿಂತಿದ್ದಾಳೆ, ಕಣ್ಣು ಅಗಲವಾಗಿದೆ, ಜೋರಾಗಿ ನಗುತ್ತಾಳೆ, ನಗು ಮುಗಿಯುವ ಮೊದಲೇ ಅಳುತ್ತಾಳೆ. ಅದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಒಂದು ಕಥೆಯಲ್ಲೂ ಬಳಸಿದ್ದೇನೆ. ನೀನು ಅದನ್ನು 'ಜೀವಂತ ಚಿತ್ರ' ಎಂದು ಹೊಗಳಿದ್ದೆ.

'ಶರಪಂಜರ' ಓದುತ್ತಿದ್ದ ರಾತ್ರಿ ಅಮ್ಮನಿಗೆ ಫೋನು ಮಾಡಿ ಇದನ್ನೇ ಎತ್ತಿದೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದಳು.

"ನಮ್ಮ ಮನೆಯಲ್ಲಿ ನಿಲುವುಗನ್ನಡಿ ಎಲ್ಲಿತ್ತು? ಇದ್ದದ್ದು ಕಂಬಕ್ಕೆ ನೇತುಹಾಕಿದ ಅಂಗೈಯಗಲದ ಕನ್ನಡಿ, ಅದೂ ನಿನ್ನ ಅಪ್ಪ ಗಡ್ಡ ಹೆರೆದುಕೊಳ್ಳುವುದಕ್ಕೆ. ಮತ್ತೆ ಅವಳು ಆಸ್ಪತ್ರೆಯಿಂದ ಬಂದಮೇಲೆ ಜೋರಾಗಿ ನಕ್ಕಿದ್ದನ್ನು ನಾನು ನೋಡಿಲ್ಲ. ಮಾತೇ ಆಡುತ್ತಿರಲಿಲ್ಲ."

ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡಿತು. ದೂರದರ್ಶನದಲ್ಲಿ 'ಶರಪಂಜರ' ಬರುತ್ತದೆ ಎಂದು ಗೊತ್ತಾದ ದಿನ ಅಜ್ಜಿ ಬೆಳಿಗ್ಗೆಯೇ ಟಿವಿಯ ಮೇಲೆ ಬಟ್ಟೆ ಹೊದಿಸಿ, ಕೆಟ್ಟಿದೆ ಎಂದುಬಿಟ್ಟಳಂತೆ. ನಾವು ಹುಡುಗರು ಪಕ್ಕದ ಮನೆಗೆ ಓಡಿದೆವು. ಅಲ್ಲಿ ಕಲ್ಪನಾ ಅವರನ್ನು ನೋಡಿ ಮನೆಗೆ ಬಂದು, ಒಳಗೆ ಕುಳಿತಿದ್ದ ಸಣ್ಣತ್ತೆಯನ್ನು ನೋಡಿದೆ. ಏನಾದರೂ ಮಾಡುತ್ತಾಳೇನೋ ಎಂದು ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದದ್ದು ನಿಜವಾಗಿಯೂ ನೆನಪಿದೆ. ಅವಳು ಏನೂ ಮಾಡಲಿಲ್ಲ. ಅವಳು ಮಾಡದೇ ಹೋದದ್ದನ್ನು ನನ್ನ ತಲೆಯೇ ಆಮೇಲೆ ಅವಳ ಕೈಯಿಂದ ಮಾಡಿಸಿತು.

ಪಾತ್ರಕ್ಕೆ ನಟಿಯ ಮುಖ ಬಂದರೆ ತಪ್ಪೇನು ಎನ್ನುತ್ತಿದ್ದೆನಲ್ಲ, ಇಲ್ಲಿ ನಟಿಯ ಮುಖ ಬಂದು ಕುಳಿತದ್ದು ನನ್ನ ಅತ್ತೆಯ ಮೇಲೆ. ಸಣ್ಣತ್ತೆಯ ಆಗಿನ ಮುಖ ನನ್ನಲ್ಲಿ ಇಲ್ಲವೇ ಇಲ್ಲ. ಹುಡುಕಿದಾಗಲೆಲ್ಲ ಕಲ್ಪನಾ ಬರುತ್ತಾರೆ, ಒಪ್ಪವಾಗಿ ಸೀರೆ ಉಟ್ಟು, ಅಷ್ಟು ಚೆಂದವಾಗಿ ಅಳುತ್ತಾರೆ.

ಪುಟ್ಟಣ್ಣನವರನ್ನಾಗಲಿ ಕಲ್ಪನಾ ಅವರನ್ನಾಗಲಿ ನಾನು ದೂರುತ್ತಿಲ್ಲ. ಅವರು ಅಷ್ಟು ಚೆನ್ನಾಗಿ ಮಾಡಿದ್ದರಿಂದಲೇ ಹೀಗಾಯಿತು. ಕೆಟ್ಟ ಸಿನಿಮಾ ಆಗಿದ್ದರೆ ಸಂಜೆಗೇ ಮರೆತುಹೋಗುತ್ತಿತ್ತು, ಸಣ್ಣತ್ತೆ ಉಳಿದುಕೊಳ್ಳುತ್ತಿದ್ದಳು.

ಕಾದಂಬರಿಯಲ್ಲಿ ನನ್ನನ್ನು ನಿಲ್ಲಿಸಿದ್ದು ಕೊನೆಯ ಕುಸಿತವಲ್ಲ. ಅದಕ್ಕೆ ಮುಂಚಿನದು. ಕಾವೇರಿಗೆ ವಾಸಿಯಾಗಿದೆ, ವಾಸಿಯಾಗಿದೆ ಎಂದು ಮನೆ ನಂಬುವುದಿಲ್ಲ. ಸಿಟ್ಟು ಬಂದರೆ ಹುಚ್ಚು, ನಕ್ಕರೆ ಹುಚ್ಚು, ಸುಮ್ಮನಿದ್ದರೆ ಇನ್ನೂ ಹುಚ್ಚು. ಎಲ್ಲರೂ ಅವಳನ್ನು ಓರೆಗಣ್ಣಿನಿಂದ ನೋಡುತ್ತ ಕಾಯುತ್ತಾರೆ. ಚಿತ್ರದಲ್ಲೂ ಇದೆಲ್ಲ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಚಿತ್ರ ನೋಡುವಾಗ ನಾನು ಕಲ್ಪನಾ ಅವರನ್ನೇ ನೋಡುತ್ತಿದ್ದೆ. ಅಂದರೆ ನಾನೂ ಆ ಮನೆಯವರ ಸಾಲಿನಲ್ಲೇ ಕುಳಿತು, ಯಾವಾಗ ಶುರುವಾಗುತ್ತದೆ ಎಂದು ಕಾಯುತ್ತಿದ್ದೆ. ಪುಸ್ತಕದಲ್ಲಿ ನೋಡುವುದಕ್ಕೆ ಯಾರೂ ಸಿಗಲಿಲ್ಲ. ಹಾಗಾಗಿ ನೋಡುತ್ತಿದ್ದವರ ಕಡೆ ತಿರುಗಿದೆ.

ಆಗ ನೆನಪಾದದ್ದು ಮೆಟ್ಟುಗತ್ತಿ. ಸಣ್ಣತ್ತೆ ಬಂದಮೇಲೆ ಅಡುಗೆಮನೆಯ ಮೆಟ್ಟುಗತ್ತಿ ಮಧ್ಯಾಹ್ನದ ಹೊತ್ತು ಅಟ್ಟಕ್ಕೆ ಹೋಗುತ್ತಿತ್ತು. "ನಾನು ಹೆಚ್ಚಿಕೊಡುತ್ತೇನೆ ಅಮ್ಮ" ಎಂದು ಅವಳು ಬಂದರೆ ಅಜ್ಜಿ, "ನೀನು ಸುಸ್ತಾಗಿದ್ದೀಯ, ಕೂತುಕೋ" ಎನ್ನುತ್ತಿದ್ದಳು. ಸಣ್ಣತ್ತೆ ಅಲಸಂದೆ ಕಾಯಿಯನ್ನು ಮೊರಕ್ಕೆ ಹಾಕಿಕೊಂಡು ಕೈಯಲ್ಲೇ ಮುರಿಯುತ್ತ ಕೂರುತ್ತಿದ್ದಳು. ಪ್ರತಿ ತುಂಡೂ ಒಂದೇ ಅಳತೆ, ಹೆಬ್ಬೆರಳಿನ ಉಗುರು ಹಸಿರಾಗಿರುತ್ತಿತ್ತು. ಅಟ್ಟದ ಏಣಿ ಹತ್ತಿ ಮೆಟ್ಟುಗತ್ತಿ ಇಟ್ಟು ಬರುತ್ತಿದ್ದವನು ನಾನೇ. ಹಗುರ ಮೈ, ಸದ್ದಾಗುವುದಿಲ್ಲ ಎಂದು ಅಜ್ಜಿ ನನ್ನನ್ನು ಆರಿಸಿದ್ದಳು. ನನಗೆ ಅದು ಬಹಳ ಹೆಮ್ಮೆಯ ಕೆಲಸವಾಗಿತ್ತು.

ಅಮ್ಮ ಫೋನಿಡುವ ಮೊದಲು ಇನ್ನೊಂದು ಮಾತು ಹೇಳಿದಳು. ನಮ್ಮ ಮನೆಗೆ 'ಶರಪಂಜರ' ಪುಸ್ತಕವನ್ನು ತಂದವಳು ಸಣ್ಣತ್ತೆಯೇ, ಮದುವೆಗೆ ಮುಂಚೆ. ಹೆಂಗಸರೆಲ್ಲ ಸರದಿಯ ಮೇಲೆ ಓದಿದ್ದರಂತೆ. ಅಜ್ಜಿಯೂ ಓದಿ, ಮೂಗು ಒರೆಸಿಕೊಂಡಿದ್ದಳಂತೆ. ಕಾವೇರಿಗಾಗಿ ಅಷ್ಟು ಅತ್ತ ಮನೆ ನಮ್ಮದು, ಮಾರಾಯ. ಸಣ್ಣತ್ತೆ ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಆ ಪುಸ್ತಕವೂ ಅಟ್ಟ ಸೇರಿತು.

ಆದ್ದರಿಂದ ಪುಸ್ತಕ ಮನುಷ್ಯರನ್ನು ತಿದ್ದುತ್ತದೆ, ಸಿನಿಮಾ ಕೆಡಿಸುತ್ತದೆ ಎಂಬ ನಿನ್ನ ಫರ್ಮಾನಿನ ಮೂರನೇ ಕಲಮಿಗೆ ನನ್ನ ಸಹಿ ಇಲ್ಲ. ನಮ್ಮ ಮನೆಯಲ್ಲಿ ಓದಿದವರೂ ಅದನ್ನೇ ಮಾಡಿದರು, ನೋಡಿದವನೂ ಅದನ್ನೇ ಮಾಡಿದ.

ಸಣ್ಣತ್ತೆ ಈಗ ಶಿವಮೊಗ್ಗದಲ್ಲಿ ನನ್ನ ಚಿಕ್ಕಪ್ಪನ ಮಗನ ಮನೆಯಲ್ಲಿದ್ದಾಳೆ. ಆರೋಗ್ಯವಾಗಿದ್ದಾಳೆ, ನನಗಿಂತ ಚೆನ್ನಾಗಿದ್ದಾಳೆ. ಸಂಜೆಯ ಧಾರಾವಾಹಿಗಳನ್ನು ಒಂದನ್ನೂ ಬಿಡುವುದಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಕಾಲಿಗೆ ನಮಸ್ಕಾರ ಮಾಡುತ್ತೇನೆ. ಬಗ್ಗಿ ಏಳುವಾಗ ಪಾದ ಕಾಣುತ್ತದೆ, ಆಮೇಲೆ ಯಾರಾದರೂ ಊಟಕ್ಕೆ ಕರೆಯುತ್ತಾರೆ. ಮುಖ ನೋಡಿ ಮಾತನಾಡಿದ್ದು ಯಾವಾಗ ಎಂದು ಕೇಳಬೇಡ. ಹೋಗಿ ಎದುರಿಗೆ ಕುಳಿತು ಸರಿಯಾಗಿ ನೋಡಿ ಬರಬೇಕು ಎನಿಸುತ್ತದೆ. ಹೆದರಿಕೆಯೂ ಆಗುತ್ತದೆ. ಅಟ್ಟದ ಏಣಿಯ ಸದ್ದು ಅವಳಿಗೆ ಕೇಳಿಸುತ್ತಿತ್ತೇ ಇಲ್ಲವೇ ಎಂಬುದು ನನಗೆ ತಿಳಿಯಬೇಕಾಗಿದೆ, ತಿಳಿಯುವುದೂ ಬೇಡವಾಗಿದೆ.

ಅಯ್ಯೋ, ಎಲ್ಲಿಂದ ಎಲ್ಲಿಗೆ ಬಂದೆ! ಪುಸ್ತಕ ಮತ್ತು ಸಿನಿಮಾದ ಬಗ್ಗೆ ಮಹಾಯುದ್ಧ ನೋಡಲು ಬಂದವರೆಲ್ಲ ಕ್ಷಮಿಸಬೇಕು, ಯುದ್ಧ ರದ್ದಾಗಿದೆ, ಟಿಕೆಟಿನ ಹಣ ಪ್ರೊಫೆಸರರ ಬಳಿ ವಾಪಸು ಪಡೆಯಿರಿ. ಶಿವಮೊಗ್ಗಕ್ಕೆ ಹೋದರೂ ನನ್ನಿಂದ ಏನಾಗುತ್ತದೆ ಎಂದು ನಿನಗೆ ಗೊತ್ತು. ಕಾಫಿ ಕುಡಿದು, ಅಡಿಕೆಯ ಧಾರಣೆ ಕೇಳಿ, ಸಕ್ಕರೆ ಕಾಯಿಲೆಯ ಬಗ್ಗೆ ಪರಸ್ಪರ ಉಪದೇಶ ಮಾಡಿ, ಧಾರಾವಾಹಿ ಶುರುವಾದ ಕೂಡಲೇ ಎದ್ದು ಬಸ್ಸು ಹಿಡಿಯುತ್ತೇನೆ. ನಾಲ್ಕು ಜನರ ಮುಂದೆ ಎದೆ ಬಗೆದು ತೋರಿಸುವುದರಲ್ಲಿ ನಾನು ಶೂರ. ಒಬ್ಬರ ಮುಂದೆ ಕುಳಿತರೆ ಹವಾಮಾನ ಮಾತನಾಡುತ್ತೇನೆ.

ಕೆಳಗೆ ಏನಾದರೂ ಬರೆಯುವುದಿದ್ದರೆ ಬರಿ, ಆದರೆ ಸಾಂತ್ವನ ಬೇಡ. ನಿನ್ನ ಸಾಂತ್ವನದ ಶೈಲಿ ಹಾಸ್ಟೆಲಿನಲ್ಲೇ ಅನುಭವಿಸಿದ್ದೇನೆ, ಮೂರು ದಿನ ಜ್ವರ ಬಂದಿತ್ತು. ಅದರ ಬದಲು ನನ್ನ 'ವಂಶವೃಕ್ಷ' ವಾಪಸು ಕಳುಹಿಸು. ಓದಿ ಕೊಡುತ್ತೇನೆ ಎಂದು ಒಯ್ದವನು ನಿನ್ನ ಮಗಳು ಪಿಯುಸಿಗೆ ಬಂದರೂ ಓದುತ್ತಲೇ ಇದ್ದೀಯ. ಅಂಚೆಯಲ್ಲಿ ಹಾಕುವಾಗ ಜೊತೆಗೆ ಪೇಡ ಇಡಬೇಡ, ಡಾಕ್ಟರು ಬೇಡವೆಂದಿದ್ದಾರೆ. ಇಟ್ಟರೆ ಕಾಲು ಕಿಲೋ ಸಾಕು.

ನಿನ್ನ,
ಕೇರೆಹಾವು