ಬಾತ್‌ರೂಮಿನ ಬೀಗ ತೆಗೆದವರಿಗೆ

ಎಲ್ಲರಿಗೂ ನಮಸ್ಕಾರ. ಗುಬ್ಬಿಯಿಂದ ಧರ್ಮಸ್ಥಳಕ್ಕೆ ನಡೆದುಕೊಂಡು ಹೋಗಿದ್ದ ನಾವು ನಾಲ್ಕೂ ಜನ ಹೆಂಗಸರು ಸುಖವಾಗಿ ಊರು ಸೇರಿದ್ದೇವೆ. ಶಿವರಾತ್ರಿ ದಿನ ಮಂಜುನಾಥನ ದರ್ಶನ ಚೆನ್ನಾಗಿ ಆಯಿತು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಹೋದವರಿಗೆಲ್ಲ ಗೊತ್ತಿರುವುದೇ. ಈ ಬರಹ ದಾರಿಯಲ್ಲಿ ಸಿಕ್ಕವರಿಗೆ. ಎಷ್ಟೋ ಜನರ ಹೆಸರನ್ನೂ ನಾವು ಕೇಳಲಿಲ್ಲ. ಯಾರ ಫೋನಿಂದ ಯಾರ ಫೋನಿಗೋ ಹೋಗಿ, ‘ಅಯ್ಯೋ, ಇದು ನಮ್ಮನೆ ಕಥೆ’ ಅಂತ ಒಬ್ಬರಿಗಾದರೂ ಗೊತ್ತಾದರೆ ಸಾಕು.

ದೊಡ್ಡ ಸಂಘದವರ ಜೊತೆ ಹೋದರೆ ಲಗೇಜಿಗೆ ಲಾರಿ ಇರುತ್ತೆ, ಅಡಿಗೆಯವರು ಮುಂದೆ ಹೋಗಿ ಒಲೆ ಹಚ್ಚಿರುತ್ತಾರೆ. ನಮಗೆ ಅದು ಯಾವುದೂ ಇರಲಿಲ್ಲ. ಅವರವರ ಬ್ಯಾಗು ಅವರವರ ಬೆನ್ನಿಗೆ. ಎರಡು ಜೊತೆ ಬಟ್ಟೆ, ಒಂದು ಬೆಡ್‌ಶೀಟು, ಹುರಿಹಿಟ್ಟು, ಚಟ್ನಿಪುಡಿ, ಟಾರ್ಚು, ವ್ಯಾಸಲಿನ್. ಇಷ್ಟೇ ಅಂದುಕೊಂಡಿದ್ದೆವು. ಕೆ.ಬಿ. ಕ್ರಾಸ್ (ಕಿಬ್ಬನಹಳ್ಳಿ ಕ್ರಾಸ್) ಹತ್ತಿರ ಕೂತು ಬಿಚ್ಚಿ ನೋಡಿದರೆ ಒಬ್ಬಳ ಬ್ಯಾಗಲ್ಲಿ ರೇಷ್ಮೆ ಸೀರೆ, ಇನ್ನೊಬ್ಬಳ ಬ್ಯಾಗಲ್ಲಿ ಸ್ಟೀಲ್ ಡಬ್ಬಿಗಳು! ಬೇಡದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ ತುಮಕೂರು ಕಡೆ ಹೋಗುತ್ತಿದ್ದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆವು. ಅವರು ಗುಬ್ಬಿ ಬಸ್‌ಸ್ಟ್ಯಾಂಡಲ್ಲಿ ನಾವು ಹೇಳಿದ ಅಂಗಡಿಗೇ ತಲುಪಿಸಿ, ದುಡ್ಡೂ ತಗೊಳ್ಳದೆ ಹೋಗಿದ್ದಾರೆ. ಅಣ್ಣಾ, ನಿಮ್ಮಿಂದ ನಾಲ್ಕು ಬೆನ್ನು ಉಳಿದವು.

ದಾರಿ ಹುಡುಕುವ ಕಷ್ಟ ಇರಲಿಲ್ಲ. ನಮ್ಮ ಮನೆ ಮುಂದಿನ ರಾಷ್ಟ್ರೀಯ ಹೆದ್ದಾರಿ 73 ತಾನೇ ತಿಪಟೂರು, ಅರಸೀಕೆರೆ, ಬಾಣಾವರ, ಹಳೇಬೀಡು, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತೆ. ಉಜಿರೆಯಲ್ಲಿ ಎಡಕ್ಕೆ ತಿರುಗಿದರೆ ಆಯಿತು. 200 ಕಿ.ಮೀ.ಗಿಂತ ಜಾಸ್ತಿ, ಅಷ್ಟೇ. ಬೆಳಗಿನ ಜಾವ ಮೂರಕ್ಕೆ ಎದ್ದು ಬಿಸಿಲೇರುವ ತನಕ ನಡಿಗೆ, ಮಧ್ಯಾಹ್ನ ಎಲ್ಲಾದರೂ ನೆರಳಲ್ಲಿ ನಿದ್ದೆ, ಸಂಜೆ ಮತ್ತೆ ನಡಿಗೆ.

ಊಟಕ್ಕೂ ಕೊರತೆ ಆಗಲಿಲ್ಲ. ಮಜ್ಜಿಗೆ, ಪಾನಕ, ಕೋಸಂಬರಿ, ಕಲ್ಲಂಗಡಿ, ಚಿತ್ರಾನ್ನ. ಶಾಮಿಯಾನ ಹಾಕಿಕೊಂಡು ಕೂಗಿ ಕೂಗಿ ಕರೆಯುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆಲ್ಲ ಕೈಮುಗಿದು ಥ್ಯಾಂಕ್ಸ್.

ಆದರೆ ಆ ಮಜ್ಜಿಗೆ ಕುಡಿದ ಮೇಲೆ ಹೆಂಗಸರು ಎಲ್ಲಿಗೆ ಹೋಗಬೇಕು? ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಗಂಡಸರಿಗೆ ಬೇಲಿ ಪಕ್ಕ ನಿಂತರೆ ಆಯಿತು. ನಮಗೆ ಕತ್ತಲಿರಬೇಕು, ಇಲ್ಲ ಬಾಗಿಲಿರಬೇಕು. ಬಾತ್‌ರೂಮಿಗೆ ಹೋಗಬೇಕಾಗುತ್ತಲ್ಲ ಅಂತ ನೀರೇ ಕುಡಿಯದೆ ಬಿಸಿಲಲ್ಲಿ ನಡೆಯುವ ಹೆಂಗಸರನ್ನು ದಾರಿಯುದ್ದಕ್ಕೂ ನೋಡಿದೆವು. ನಮ್ಮಲ್ಲೇ ಒಬ್ಬಳಿಗೆ ಬಾಣಾವರ ದಾಟಿದ ಮೇಲೆ ತಲೆ ಸುತ್ತು ಬಂತು. ಬೆಳಗಿನಿಂದ ಅವಳು ಕುಡಿದಿದ್ದು ಒಂದೇ ಲೋಟ ನೀರು. ಅದರ ಹಿಂದಿನ ರಾತ್ರಿ ತಂಗಲು ಹೋದ ಒಂದು ಛತ್ರದಲ್ಲಿ, ಜಾಗ ಇದ್ದರೂ ‘ಲೇಡೀಸಿಗೆ ವ್ಯವಸ್ಥೆ ಇಲ್ಲ’ ಅಂದುಬಿಟ್ಟಿದ್ದರು.

ಜಾವಗಲ್ ಕಡೆ, ರಸ್ತೆ ಪಕ್ಕದ ಮನೆ ಜಗಲಿ ಮೇಲೆ ಒಬ್ಬರು ಅಜ್ಜಿ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದರು. ನಾವು ನೀರು ಕೇಳಿದೆವು. ಅವರು ಚೊಂಬು ಕೊಡುವ ಮೊದಲು ನಮ್ಮ ನಾಲ್ಕೂ ಜನರ ಮುಖ ಒಂದು ಸಲ ನೋಡಿದರು. ಆಮೇಲೆ ದನಿ ತಗ್ಗಿಸಿ, ‘ಒಳಗೆ ಹೋಗಿ ಬರ್ತೀರೇನವ್ವಾ? ಹಿತ್ತಲಲ್ಲಿ ಐತೆ’ ಅಂದರು. ನಾವು ಬಾಯಿ ಬಿಟ್ಟು ಕೇಳಿರಲೇ ಇಲ್ಲ! ಬಕೆಟ್ಟಿಗೆ ನೀರು ತುಂಬಿಟ್ಟು, ಮೊಮ್ಮಗನನ್ನು ಅಂಗಡಿಗೆ ಕಳಿಸಿ, ನಾವು ಬರುವ ತನಕ ಹಿತ್ತಲ ಬಾಗಿಲಲ್ಲಿ ಕೂತಿದ್ದರು. ಅವತ್ತು ನಾಲ್ಕೂ ಜನ ಹೊಟ್ಟೆ ತುಂಬ ನೀರು ಕುಡಿದೆವು.

ಅವರಿಗಿಂತ ಮುಂಚೆ, ತಿಪಟೂರು ಹತ್ತಿರದ ಪೆಟ್ರೋಲ್ ಬಂಕಿನ ಹುಡುಗ. ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ. ನಿದ್ದೆಗಣ್ಣಲ್ಲೇ ಬೀಗದ ಕೈ ತಂದು, ಲೈಟ್ ಹಾಕಿ, ತಾನು ರಸ್ತೆ ತನಕ ಹೋಗಿ ಆ ಕಡೆ ಮುಖ ಮಾಡಿ ನಿಂತುಕೊಂಡ. ಅಷ್ಟು ಚಿಕ್ಕ ಹುಡುಗನಿಗೆ ಅದನ್ನು ಕಲಿಸಿದ ತಾಯಿಗೂ ಒಂದು ನಮಸ್ಕಾರ.

ಅರಸೀಕೆರೆಯ ಮೆಡಿಕಲ್ ಶಾಪಿನ ಅಣ್ಣ ನನ್ನ ಕಾಲಿನ ಗುಳ್ಳೆ ನೋಡಿ, ‘ಅಕ್ಕಾ, ಚರ್ಮ ಮಾತ್ರ ಕೀಳಬೇಡಿ’ ಅಂತ ಬೈದೇ ಹೇಳಿದರು. ತಾವೇ ಔಷಧಿ ಹಚ್ಚಿ ಟೇಪ್ ಹಾಕಿದರು. ಹೊಸ ಶೂ ಹಾಕಿಕೊಂಡು ಹೊರಟವರಿಗೆಲ್ಲ ಇದೇ ಗತಿಯಂತೆ. ಬೆವರು ಕಾಲುಚೀಲದಲ್ಲೇ ನಿಂತು, ಉಜ್ಜಿ ಉಜ್ಜಿ ಗುಳ್ಳೆ ಏಳುತ್ತೆ. ಕೂತಾಗಲೆಲ್ಲ ಶೂ ಬಿಚ್ಚಿ ಕಾಲು ಆರಿಸಿ ಅಂದರು. ಆಮೇಲೆ ಹೊಸ ಗುಳ್ಳೆ ಏಳಲಿಲ್ಲ.

ಮೂಡಿಗೆರೆ ಕಡೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದಿತ್ತು. ಕಾಫಿ ತೋಟ ಪೂರ್ತಿ ಬೆಳ್ಳಗೆ, ಮಲ್ಲಿಗೆ ಥರ ವಾಸನೆ. ಅಲ್ಲಿ ಒಂದು ಮನೆಯ ಅಕ್ಕ ನಮ್ಮನ್ನು ಗೇಟಲ್ಲೇ ತಡೆದು, ‘ಹಂಡೇಲಿ ನೀರು ಕಾದಿದೆ. ಮೊದಲು ಸ್ನಾನ, ಆಮೇಲೆ ಮಾತು’ ಅಂದರು. ಅಕ್ಕಾ, ನಿಮ್ಮ ಅಕ್ಕಿ ರೊಟ್ಟಿ ಮರೆತರೂ ಆ ಬಿಸಿನೀರು ಮರೆಯುವುದಿಲ್ಲ.

ಘಾಟಿ ಹತ್ತುವುದೇ ಕಷ್ಟ ಅಂದುಕೊಂಡವರು ಚಾರ್ಮಾಡಿ ಇಳಿದು ನೋಡಬೇಕು. ಬೆರಳುಗಳು ಶೂ ತುದಿಗೆ ಗುದ್ದುತ್ತವೆ, ಮಂಡಿ ಗಡಗಡ ಅನ್ನುತ್ತೆ. ಕೋಲಾರದ ಹುಡುಗರ ಗುಂಪೊಂದು ‘ಬ್ಯಾಗ್ ನಮ್ ಗಾಡೀಲಿ ಹಾಕಿ ಅಕ್ಕ’ ಅಂದಾಗ ಮೊದಲು ಬೇಡ ಅಂದೆವು. ಎರಡು ತಿರುವು ಆದ ಮೇಲೆ ಕೊಟ್ಟೆವು. ಉಜಿರೆಯಲ್ಲಿ ಒಂದೊಂದು ಬ್ಯಾಗಿನ ಮೇಲೂ ಒಂದೊಂದು ಪೊಟ್ಟಣ ಚುರುಮುರಿ ಇಟ್ಟು ವಾಪಸ್ ಕೊಟ್ಟರು. ಇದೇ ಹುಡುಗರು ಘಾಟಿಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಲೋಟ ಆರಿಸಿ ಚೀಲಕ್ಕೆ ತುಂಬುತ್ತಿದ್ದರು. ಕುಡಿದು ಎಸೆದವರಿಗೆ ಪುಣ್ಯ ಬಂತೋ ಇಲ್ಲವೋ, ಆರಿಸಿದವರಿಗೆ ಖಂಡಿತ ಬಂದಿರುತ್ತೆ.

ಮನೆಯವರಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ನಗುತ್ತಾರೆ. ಆದರೂ, ಹಸು ಕರೆದು ಡೈರಿಗೆ ಹಾಲು ಹಾಕಿದ ಅತ್ತೆಗೆ ಹೇಳಲೇಬೇಕು.

ಮುಂದಿನ ಶಿವರಾತ್ರಿಗೆ ತುಮಕೂರು, ಕೊರಟಗೆರೆ ಕಡೆಯಿಂದ ಗುಬ್ಬಿ ಮೇಲೆ ನಡೆದು ಹೋಗುವ ಹೆಂಗಸರಿಗೆ ಒಂದು ವಿಷಯ. ನಮ್ಮ ಮನೆ ಹೆದ್ದಾರಿ ಪಕ್ಕದಲ್ಲೇ ಇದೆ. ಹೊರಗಿನ ಬಾತ್‌ರೂಮಿಗೆ ಆ ವಾರ ಪೂರ್ತಿ ಬೀಗ ಹಾಕುವುದಿಲ್ಲ. ರಾತ್ರಿಯೆಲ್ಲ ಲೈಟ್ ಇರುತ್ತೆ, ನೀರು, ಸೋಪು, ಪ್ಯಾಡು ಇಟ್ಟಿರುತ್ತೇವೆ. ‘ಹೆಂಗಸರಿಗೆ ಬಾತ್‌ರೂಮ್ ಇದೆ, ಕೇಳದೆ ಬನ್ನಿ’ ಅಂತ ಬೋರ್ಡ್ ಬರೆಸುತ್ತಿದ್ದೇನೆ. ನಿಟ್ಟೂರು, ಕೆ.ಬಿ. ಕ್ರಾಸ್ ಕಡೆ ರಸ್ತೆ ಪಕ್ಕ ಮನೆ ಇರುವವರು ಯಾರಾದರೂ ಒಪ್ಪಿದರೆ ಹೇಳಿ, ನಿಮ್ಮ ಬೋರ್ಡನ್ನೂ ಇದರ ಜೊತೆಗೇ ಬರೆಸಿಬಿಡುತ್ತೇನೆ.