ದೊಡ್ಡವರಿಗೂ ಚಿಕ್ಕ ಬಾಡಿಯ ಗಿಟಾರ್ ಆಗುತ್ತೆ

ಸಂಪಾದಕರೇ,

ಹೊಸದಾಗಿ ಗಿಟಾರ್ ಕಲಿಯುವವರಿಗಾಗಿ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು, ಒಂದು ಸಾಲು ಬಿಟ್ಟು. ದೊಡ್ಡವರಾದರೆ ಫುಲ್ ಸೈಜ್ ತಗೊಳ್ಳಿ, ಚಿಕ್ಕದೆಲ್ಲ ಮಕ್ಕಳಿಗೆ ಅಂತ ಅದರಲ್ಲಿತ್ತು. ಅಂಗಡಿಯವರೂ ಇದನ್ನೇ ಹೇಳುತ್ತಾರೆ, ನಾಲ್ಕು ಕಾರ್ಡ್ (ಸ್ವರಗುಚ್ಛ) ಕಲಿತ ಗೆಳೆಯರೂ ಇದನ್ನೇ ಹೇಳುತ್ತಾರೆ. ಆ ಮಾತು ನಂಬಿಕೊಂಡು ಎಷ್ಟೋ ಜನ ಮೈಗೆ ಒಗ್ಗದ ದೊಡ್ಡ ಗಿಟಾರ್ ತಂದು, ಬಲಗೈಯನ್ನು ಅದರ ಮೇಲೆ ಏರಿಸಿ ಏರಿಸಿ ಭುಜ ನೋಯಿಸಿಕೊಂಡು, ಕೊನೆಗೆ ಅದನ್ನು ಬೀರುವಿನ ಮೇಲೆ ಹಾಕಿಬಿಡುತ್ತಾರೆ. ನಾನು ತುಂಬಾ ವರ್ಷಗಳಿಂದ ನುಡಿಸುತ್ತಿದ್ದೇನೆ, ಕಲಿಯುವವರ ಜೊತೆ ಕೂತು ಅವರ ವಾದ್ಯಗಳನ್ನು ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಕತ್ತರಿಸುವುದು ನಿಮಗೆ ಬಿಟ್ಟಿದ್ದು.

ಮೊದಲು ಒಂದು ಗೊಂದಲ ಬಿಡಿಸೋಣ. ಗಿಟಾರ್ ಚಿಕ್ಕದು ಅಂದಾಗ ಜನ ಮೂರು ಬೇರೆ ಬೇರೆ ಅಳತೆಗಳನ್ನು ಒಂದೇ ಮೂಟೆ ಮಾಡಿಬಿಡುತ್ತಾರೆ. ಬಾಡಿ ಎಷ್ಟು ಅಗಲ ಮತ್ತು ಎಷ್ಟು ದಪ್ಪ ಅನ್ನುವುದು ಒಂದು. ತಂತಿ ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸ್ಯಾಡಲ್‌ವರೆಗೆ (ಬಾಡಿಯ ಮೇಲೆ ತಂತಿ ಕೂರುವ ಪಟ್ಟಿ) ಎಷ್ಟು ಉದ್ದ ಕಂಪಿಸುತ್ತದೆ, ಅಂದರೆ ಸ್ಕೇಲ್, ಅದು ಇನ್ನೊಂದು. ನಟ್ ಹತ್ತಿರ ಕುತ್ತಿಗೆ ಎಷ್ಟು ಅಗಲ ಅನ್ನುವುದು ಮೂರನೆಯದು. ಒಂದು ಚಿಕ್ಕದಾದರೆ ಉಳಿದೆರಡೂ ಚಿಕ್ಕದಾಗಬೇಕು ಅಂತೇನೂ ಇಲ್ಲ. ಗಿಟಾರ್ ತಯಾರಿಸುವ ಮಾರ್ಟಿನ್ ಕಂಪನಿಯ 000 ಮತ್ತು ಓಎಂ ಅನ್ನುವ ಚಿಕ್ಕ ಬಾಡಿಯ ಮಾದರಿಗಳನ್ನೇ ನೋಡಿ, ಎರಡರ ಬಾಡಿಯೂ ಒಂದೇ ಆಕಾರ, ಒಂದೇ ಅಗಲ, ಆದರೆ ಸಾಂಪ್ರದಾಯಿಕವಾಗಿ 000ದ ಸ್ಕೇಲ್ ಸುಮಾರು 632 ಮಿಲಿಮೀಟರ್, ಓಎಂನದ್ದು 645. ಆ 645 ಅನ್ನುವುದು ಈಗ ಫುಲ್ ಸೈಜ್ ಅನ್ನಿಸಿಕೊಳ್ಳುವ ದೊಡ್ಡ ಡ್ರೆಡ್‌ನಾಟ್ ಗಿಟಾರಿನ ಸ್ಕೇಲೇ! ಅಂದರೆ ಬಾಡಿ ಚಿಕ್ಕದಿದ್ದರೂ ಬೆರಳಿಗೆ ಸಿಗುವ ಫ್ರೆಟ್‌ಗಳ (ಕುತ್ತಿಗೆಯ ಮೇಲಿನ ಅಡ್ಡ ಪಟ್ಟಿಗಳ) ಅಂತರ ಪೂರ್ತಿ ಅಳತೆಯದ್ದೇ. ಇದು ಮಕ್ಕಳ ಗಿಟಾರ್ ಹೇಗಾಗುತ್ತೆ ಹೇಳಿ.

ಮಕ್ಕಳಿಗೆ ಅಂತ ಮಾಡುವ ಮುಕ್ಕಾಲು ಸೈಜಿನ ಗಿಟಾರ್ ಬೇರೆಯೇ. ಯಮಾಹಾದ ಜೆಆರ್2 ತರಹದ್ದರಲ್ಲಿ ಸ್ಕೇಲ್ 540 ಮಿಲಿಮೀಟರ್ ಮಾತ್ರ. ಫ್ರೆಟ್‌ಗಳು ಒತ್ತೊತ್ತಾಗಿ ಬರುತ್ತವೆ, ದಪ್ಪ ಬೆರಳಿನವರಿಗೆ ಮೇಲಿನ ಫ್ರೆಟ್‌ಗಳಲ್ಲಿ ಜಾಗವೇ ಸಾಲುವುದಿಲ್ಲ. ಲೇಖನ ಬರೆದವರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಇದೇ ಇರಬೇಕು.

ಇನ್ನು ದೊಡ್ಡದೇ ಸಹಜ, ಚಿಕ್ಕದು ಅದರ ಮರಿ ಅನ್ನುವ ಭಾವನೆ. ಇತಿಹಾಸ ನೋಡಿದರೆ ಉಲ್ಟಾ. ಹತ್ತೊಂಬತ್ತನೇ ಶತಮಾನದ ಬಹುಪಾಲು ಗಿಟಾರ್‌ಗಳು ಇಂದಿನ ಕಣ್ಣಿಗೆ ಚಿಕ್ಕವೇ. ಮಾರ್ಟಿನ್‌ನವರು 000 ಅಳತೆ ತಂದದ್ದು 1902ರಲ್ಲಿ, ಆಗ ಅದು ಅವರ ದೊಡ್ಡ ಗಿಟಾರ್. ಡ್ರೆಡ್‌ನಾಟ್ ಆಕಾರವನ್ನು 1916ರಲ್ಲಿ ಡಿಟ್ಸನ್ ಅನ್ನುವ ಸಂಗೀತ ವ್ಯಾಪಾರಿಗಳಿಗಾಗಿ ಮಾಡಿಕೊಟ್ಟರು, ಹೆಸರು ಬಂದದ್ದು ಬ್ರಿಟಿಷರ ಯುದ್ಧನೌಕೆಯಿಂದ. ತಮ್ಮದೇ ಹೆಸರಿನಲ್ಲಿ ಅದನ್ನು ಮಾರಲು ಶುರು ಮಾಡಿದ್ದು 1931ರಲ್ಲಿ. ಹಾಡುವವರ ಹಿಂದೆ ಜೋರಾಗಿ ಸ್ಟ್ರಮ್ ಮಾಡಲು, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸಲು, ಅದು ಹೇಳಿ ಮಾಡಿಸಿದ ಹಾಗಿತ್ತು, ಹಾಗಾಗಿ ಎಲ್ಲೆಡೆ ಹಬ್ಬಿತು. ಈಗ ಅದೇ ಫುಲ್ ಸೈಜ್, ಅಂದಿನ ದೊಡ್ಡದು ಇಂದು ಚಿಕ್ಕದು.

ಅಳತೆ ಹೇಳುತ್ತೇನೆ. ಡ್ರೆಡ್‌ನಾಟಿನ ಕೆಳಹೊಟ್ಟೆ, ಅಂದರೆ ಬಾಡಿಯ ಅತಿ ಅಗಲದ ಭಾಗ, ಸುಮಾರು 397 ಮಿಲಿಮೀಟರ್ ಅಗಲ. 000ದ್ದು 381, ಅದಕ್ಕಿಂತ ಚಿಕ್ಕ ಅಳತೆಗಳಲ್ಲಿ 00ದ್ದು 363ರ ಆಸುಪಾಸು, 0 ಅನ್ನುವುದು 343. ಓದಿದರೆ ಏನು ಮಹಾ ವ್ಯತ್ಯಾಸ ಅನಿಸುತ್ತದೆ. ಆದರೆ ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಹೆಚ್ಚು ಕಾಡುವುದು ಅಗಲ ಅಲ್ಲ, ದಪ್ಪ. ಡ್ರೆಡ್‌ನಾಟ್ ತಳದ ತುದಿಯಲ್ಲಿ ಸುಮಾರು 124 ಮಿಲಿಮೀಟರ್ ದಪ್ಪ ಇರುತ್ತದೆ, 000 ಸುಮಾರು 105. ಈ ಎರಡು ಸೆಂಟಿಮೀಟರ್ ಕಡಿಮೆಯಾದದ್ದು ಭುಜಕ್ಕೆ ಕೂಡಲೇ ಗೊತ್ತಾಗುತ್ತದೆ. ಜೊತೆಗೆ ಡ್ರೆಡ್‌ನಾಟಿನ ನಡು ಅಷ್ಟು ಒಳಗೆ ಸರಿದಿರುವುದಿಲ್ಲ, ಚಿಕ್ಕ ಗಿಟಾರಿನ ನಡು ಚೆನ್ನಾಗಿ ಒಳಗೆ ಬಾಗಿರುತ್ತದೆ, ತೊಡೆಯ ಮೇಲೆ ಜಾರದೆ ಕೂರುತ್ತದೆ.

ದನಿ? ಇಲ್ಲಿ ಸುಳ್ಳು ಹೇಳಬಾರದು. ಎಲ್ಲಕ್ಕಿಂತ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್. ಅಷ್ಟು ಕೆಳಗಿನ ಸ್ವರಕ್ಕೆ ಮೈ ತುಂಬಿ ಬರಲು ಒಳಗೆ ಗಾಳಿ ಜಾಸ್ತಿ ಬೇಕು, ಮೇಲಿನ ಹಲಗೆ ಅಗಲ ಬೇಕು. ಚಿಕ್ಕ ಬಾಡಿಯಲ್ಲಿ ಆ ಗುಂಯ್ ಅನ್ನುವ ಬಾಸ್ ಸಿಗುವುದಿಲ್ಲ. ಜೋರಾಗಿ ಬಾರಿಸಿದರೆ ಒಂದು ಹಂತದವರೆಗೆ ದನಿ ಏರುತ್ತದೆ, ಆಮೇಲೆ ಬರೀ ಕರಕರ. ನಾಲ್ಕೈದು ಜನ ಹಾಡುವಾಗ ಮೈಕಿಲ್ಲದೆ ಹಿಂದೆ ಸ್ಟ್ರಮ್ ಮಾಡುವುದೇ ನಿಮ್ಮ ಕೆಲಸ ಅಂದರೆ ಡ್ರೆಡ್‌ನಾಟ್ ತಗೊಳ್ಳಿ, ನನ್ನ ಅಭ್ಯಂತರ ಇಲ್ಲ. ಆದರೆ ಮನೆಯಲ್ಲಿ ಒಬ್ಬರೇ ಕೂತು ಬೆರಳಲ್ಲಿ ಮೀಟುವವರಿಗೆ, ತಾವೇ ಹಾಡಿಕೊಳ್ಳುವವರಿಗೆ, ಫೋನಿನಲ್ಲೋ ಮೈಕಿನಲ್ಲೋ ರೆಕಾರ್ಡ್ ಮಾಡುವವರಿಗೆ ಚಿಕ್ಕದೇ ವಾಸಿ. ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸುತ್ತದೆ, ಬಾಸ್ ಬಂದು ಹಾಡುವ ಗಂಟಲನ್ನು ಮುಚ್ಚುವುದಿಲ್ಲ.

ಸ್ಕೇಲಿನ ಪರಿಣಾಮ ಬೆರಳಿಗೆ. ಅದೇ ತಂತಿ, ಅದೇ ಸ್ವರ ಇಟ್ಟುಕೊಂಡು ಉದ್ದ ಕಡಿಮೆ ಮಾಡಿದರೆ ಬಿಗಿ ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 645ರಿಂದ 632ಕ್ಕೆ ಬಂದರೆ ಸುಮಾರು ಶೇ 4ರಷ್ಟು ಸಡಿಲ. ಟೇಲರ್ ಜಿಎಸ್ ಮಿನಿ ತರಹ 597 ಮಿಲಿಮೀಟರಿಗೆ ಬಂದರೆ ಸುಮಾರು ಶೇ 14. ಅದಕ್ಕೇ ಆ ಕಂಪನಿಯವರು ಅದಕ್ಕೆ ದಪ್ಪ ತಂತಿ ಹಾಕಿ ಕಳಿಸುವುದು, ಇಲ್ಲದಿದ್ದರೆ ತಂತಿ ಲೊಡಲೊಡ ಅನ್ನುತ್ತದೆ. ಬೆರಳ ತುದಿ ನೋವು ಅನ್ನುವವರು, ಒಂದೇ ಬೆರಳಲ್ಲಿ ಹಲವು ತಂತಿ ಒತ್ತಬೇಕಾದ ಎಫ್ ಕಾರ್ಡ್ ಹಿಡಿಯಲಾಗದೆ ಕೈ ಬಿಟ್ಟವರು 630ರ ಹತ್ತಿರದ ಸ್ಕೇಲ್ ನೋಡಿ. ಕೈ ತೀರಾ ಚಿಕ್ಕದಲ್ಲದಿದ್ದರೆ 600ಕ್ಕಿಂತ ಕೆಳಗೆ ಹೋಗುವ ಅಗತ್ಯ ಇಲ್ಲ. ಪ್ರಯಾಣಕ್ಕೆ ಬೇಕಾದರೆ ಆ ಮಾತು ಬೇರೆ.

ನಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾಮಾನ್ಯವಾಗಿ 43 ಮಿಲಿಮೀಟರ್ ಸಿಗುತ್ತದೆ, ಬೆರಳಲ್ಲಿ ಮೀಟುವವರು 44.5 ಇಷ್ಟಪಡುತ್ತಾರೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ 52. ಹಿಡಿದು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಕ್ಲಾಸಿಕಲ್ ಅಂದಾಗ ಒಂದು ಎಚ್ಚರಿಕೆ. ಕಡಿಮೆ ದುಡ್ಡಿಗೆ ಚಿಕ್ಕ ಕ್ಲಾಸಿಕಲ್ ಗಿಟಾರ್ ಸಿಕ್ಕಿತು ಅಂತ ತಂದು, ದನಿ ಸಾಲದು ಅಂತ ಅದಕ್ಕೆ ಸ್ಟೀಲ್ ತಂತಿ ಏರಿಸುವವರಿದ್ದಾರೆ. ದಯವಿಟ್ಟು ಬೇಡ. ನೈಲಾನ್ ಸೆಟ್ಟಿನ ಒಟ್ಟು ಎಳೆತ ಸುಮಾರು 40 ಕಿಲೋ, ಸ್ಟೀಲಿನದ್ದು 70 ಕಿಲೋ ದಾಟುತ್ತದೆ. ಒಳಗಿನ ಪಟ್ಟಿಗಳು ಅಷ್ಟು ಭಾರಕ್ಕೆ ಮಾಡಿದ್ದಲ್ಲ. ಬಾಡಿಯ ಮೇಲೆ ತಂತಿ ಕಟ್ಟಿರುವ ಬ್ರಿಡ್ಜ್ ಕಿತ್ತು ಬರುತ್ತದೆ.

ಈಗ ದುಡ್ಡಿನ ವಿಷಯ. ಬಜೆಟ್ ಕಡಿಮೆ ಇದ್ದಾಗ ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬಾರದು? ಕೊಡಬೇಕಾದದ್ದು ಮೇಲಿನ ಹಲಗೆಗೆ. ದನಿಯ ಬಹುಪಾಲು ಅಲ್ಲಿಂದಲೇ ಬರುವುದು. ಸಾಲಿಡ್ ಟಾಪ್ ಅಂದರೆ ಒಂದೇ ಪದರದ ಮರ, ಲ್ಯಾಮಿನೇಟ್ ಅಂದರೆ ಪ್ಲೈವುಡ್ ಹಾಗೆ ಪದರಗಳನ್ನು ಅಂಟಿಸಿದ್ದು. ಕಂಡುಹಿಡಿಯುವುದು ಕಷ್ಟವಲ್ಲ, ಸೌಂಡ್‌ಹೋಲಿನ, ಅಂದರೆ ಹಲಗೆಯ ನಡುವಿನ ದುಂಡು ತೂತಿನ, ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದಿದ್ದರೆ ಸಾಲಿಡ್, ಪದರ ಪದರ ಕಂಡರೆ ಲ್ಯಾಮಿನೇಟ್. ಯಮಾಹಾ ಎಫ್‌ಎಸ್800 ಕಡಿಮೆ ಬೆಲೆಯವುಗಳ ಸಾಲಿನಲ್ಲೇ ಇದ್ದು ಸಾಲಿಡ್ ಸ್ಪ್ರೂಸ್ ಮರದ ಟಾಪ್, 634ರ ಸ್ಕೇಲ್, ಚಿಕ್ಕ ಬಾಡಿ ಮೂರನ್ನೂ ಕೊಡುತ್ತದೆ. ಫೆಂಡರ್ ಸಿಸಿ-60ಎಸ್ ಕೂಡ ಸಾಲಿಡ್ ಟಾಪಿನ ಚಿಕ್ಕ ಬಾಡಿ, ಸ್ಕೇಲ್ ಮಾತ್ರ ಉದ್ದದ್ದು. ಇನ್ನೂ ಕಡಿಮೆಗೆ ಹೋದರೆ ಗ್ರೆಚ್ ಜಿಮ್ ಡ್ಯಾಂಡಿ ತರಹದ ಪುಟ್ಟ ಪಾರ್ಲರ್ ಗಿಟಾರ್‌ಗಳು, ಅವು ಪೂರ್ತಿ ಲ್ಯಾಮಿನೇಟ್. ಲ್ಯಾಮಿನೇಟ್ ಅಂದ ಕೂಡಲೇ ಮೂಗು ಮುರಿಯಬೇಕಾಗಿಲ್ಲ. ಹವೆ ಒಣಗಿದಾಗ ಸಾಲಿಡ್ ಮರ ಬಿರುಕು ಬಿಡುವಷ್ಟು ಸುಲಭಕ್ಕೆ ಅದು ಬಿಡುವುದಿಲ್ಲ. ಚೀಲಕ್ಕೆ ತುರುಕಿಕೊಂಡು ಊರೂರು ಸುತ್ತುವವರಿಗೆ ಅದೇ ಸರಿ.

ಕೊಡಬಾರದ್ದು ಹಿಂಬದಿ ಮತ್ತು ಪಕ್ಕದ ಮರದ ಹೆಸರಿಗೆ. ಬೀಟೆಯೋ, ಮಹಾಗನಿಯೋ, ಮೇಪಲ್ಲೋ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಉಳಿದದ್ದೆಲ್ಲ ಒಂದೇ ಇಟ್ಟು ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬದಲಿಸಿದ 6 ಗಿಟಾರ್‌ಗಳು, ನುಡಿಸಲು 52 ಗಿಟಾರಿಸ್ಟರು, ಮರ ಕಾಣಬಾರದು ಅಂತ ಕಣ್ಣಿಗೆ ವೆಲ್ಡಿಂಗ್ ಕನ್ನಡಕ. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕ ಹೆಚ್ಚುಕಡಿಮೆ ಒಂದೇ. ಅಂಗಡಿಯಲ್ಲಿ ಹಿಂಬದಿಯ ಹೊಳಪು ತೋರಿಸಿ ಬೆಲೆ ಏರಿಸಿದರೆ ಇದನ್ನು ನೆನಪಿಸಿಕೊಳ್ಳಿ. ಹಾಗೆಯೇ ಅಗ್ಗದ ಗಿಟಾರಿನಲ್ಲಿ ಪಿಕಪ್ಪು (ದನಿಯನ್ನು ಸ್ಪೀಕರಿಗೆ ಕಳಿಸುವ ಸಾಧನ), ಬ್ಯಾಟರಿ ಡಬ್ಬಿ, ಕಟ್‌ಅವೇ (ಕುತ್ತಿಗೆಯ ಬುಡದಲ್ಲಿ ಬಾಡಿಯನ್ನು ಕತ್ತರಿಸಿದ ಆಕಾರ) ಇದ್ದರೆ ಅಷ್ಟು ದುಡ್ಡು ಮರದಿಂದ, ಕೆಲಸದಿಂದ ಕಿತ್ತು ಅಲ್ಲಿಗೆ ಹಾಕಿರುತ್ತಾರೆ. ವೇದಿಕೆ ಹತ್ತುವವರೆಗೆ ಅದು ಸುಮ್ನೆ ಭಾರ. ಬಣ್ಣದ ಬಗ್ಗೆ ಏನೂ ಹೇಳಲಾರೆ, ಇಷ್ಟವಾದ ಬಣ್ಣದ್ದನ್ನೇ ಕೈಗೆ ಹೆಚ್ಚು ಎತ್ತಿಕೊಳ್ಳುತ್ತೇವೆ ಅನ್ನುವುದೂ ನಿಜ.

ಎಲ್ಲಕ್ಕಿಂತ ಮುಖ್ಯವಾದದ್ದು ಲೇಖನದಲ್ಲಿ ಇರಲೇ ಇಲ್ಲ: ಸೆಟಪ್, ಅಂದರೆ ತಂತಿಯ ಎತ್ತರವನ್ನೆಲ್ಲ ನುಡಿಸಲು ತಕ್ಕಂತೆ ಸರಿ ಮಾಡುವುದು. ಅಗ್ಗದ ಗಿಟಾರನ್ನು ಕಾರ್ಖಾನೆಯವರು ತಂತಿ ಸ್ವಲ್ಪ ಎತ್ತರ ಇಟ್ಟೇ ಕಳಿಸುತ್ತಾರೆ. ಎತ್ತರ ಇದ್ದರೆ ನುಡಿಸಲು ಕಷ್ಟ ಅಷ್ಟೇ, ತಗ್ಗಿದ್ದರೆ ತಂತಿ ಫ್ರೆಟ್ಟಿಗೆ ಬಡಿದು ಗಿರಾಕಿ ವಾಪಸ್ ತರುತ್ತಾನೆ. ಒಂದು ಸಣ್ಣ ಸ್ಟೀಲ್ ಸ್ಕೇಲುಪಟ್ಟಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. 12ನೇ ಫ್ರೆಟ್ಟಿನ ಮೇಲ್ಭಾಗದಿಂದ ತಂತಿಯ ಕೆಳಭಾಗಕ್ಕೆ ಅಳೆಯಿರಿ, ದಪ್ಪ ತಂತಿ 2.5 ಮಿಲಿಮೀಟರ್, ಸಣ್ಣ ತಂತಿ 2 ಇದ್ದರೆ ಆರಾಮ. ಮೂರೂವರೆ ದಾಟಿದ್ದರೆ ಕಲಿಯುವವರ ಕೈ ಸೋಲುತ್ತದೆ. ಇದನ್ನು ಸ್ಯಾಡಲಿನ ಕೆಳಭಾಗ ಉಜ್ಜಿ ಸರಿ ಮಾಡಬಹುದು, 12ನೇ ಫ್ರೆಟ್ಟಿನಲ್ಲಿ ಅರ್ಧ ಮಿಲಿಮೀಟರ್ ಇಳಿಸಲು ಸ್ಯಾಡಲಿನಲ್ಲಿ ಒಂದು ಮಿಲಿಮೀಟರ್ ತೆಗೆಯಬೇಕು. ಹಾಗಾಗಿ ಸ್ಯಾಡಲ್ ಬ್ರಿಡ್ಜಿನ ಮೇಲೆ ಎಷ್ಟು ಎದ್ದಿದೆ ಅಂತಲೂ ನೋಡಿ. ತೆಗೆಯಲು ಜಾಗವೇ ಇಲ್ಲ, ತಂತಿ ಮಾತ್ರ ಮೇಲಿದೆ ಅಂದರೆ ಕುತ್ತಿಗೆಯ ಕೋನವೇ ಹೋಗಿದೆ. ಅದನ್ನು ರಿಪೇರಿ ಮಾಡಿಸುವ ದುಡ್ಡಿಗೆ ಇನ್ನೊಂದು ಅಗ್ಗದ ಗಿಟಾರೇ ಬರುತ್ತದೆ, ಬಿಟ್ಟುಬಿಡಿ.

ಎಫ್ ಕಾರ್ಡ್ ಬರುವುದಿಲ್ಲ ಅನ್ನುವವರಲ್ಲಿ ಬಹಳ ಜನರ ಕಷ್ಟ ನಟ್ಟಿನಲ್ಲಿರುತ್ತದೆ. ಮೂರನೇ ಫ್ರೆಟ್ಟಿನ ಹಿಂದೆ ತಂತಿ ಒತ್ತಿ ಹಿಡಿದು, ಒಂದನೇ ಫ್ರೆಟ್ಟಿನ ಮೇಲೆ ಎಷ್ಟು ಸಂದು ಉಳಿದಿದೆ ನೋಡಿ. ಕೂದಲೆಳೆಯಷ್ಟು ಇದ್ದರೆ ಸರಿ, ಜಾಸ್ತಿ ಇದ್ದರೆ ನಟ್ಟಿನಲ್ಲಿ ತಂತಿ ಕೂರುವ ಕಚ್ಚನ್ನು ತಿಳಿದವರ ಕೈಯಲ್ಲಿ ಅರದಿಂದ ಉಜ್ಜಿಸಿ ಇಳಿಸಬೇಕು. ಮನೆಯಲ್ಲಿ ಕೈ ಹಾಕಬೇಡಿ, ಒಂದೆಳೆ ಜಾಸ್ತಿ ಹೋದರೆ ಖಾಲಿ ತಂತಿ ಜಿರ್ರ್ ಅನ್ನಲು ಶುರುವಾಗುತ್ತದೆ. ನನ್ನ ಲೆಕ್ಕದಲ್ಲಿ ಗಿಟಾರಿಗೆ ಇಟ್ಟ ದುಡ್ಡಿನಲ್ಲಿ ಹತ್ತನೇ ಒಂದು ಭಾಗವನ್ನಾದರೂ ಸೆಟಪ್ಪಿಗೂ ಹೊಸ ತಂತಿಗೂ ಎತ್ತಿಡಬೇಕು. ಅಂಗಡಿಯಲ್ಲಿ ತೂಗಿಹಾಕಿದ ಗಿಟಾರಿನ ತಂತಿಗಳಿಗೆ ತುಕ್ಕು ಹಿಡಿದು ದನಿ ಸತ್ತಿರುತ್ತದೆ, ಅದನ್ನು ಕೇಳಿ ತೀರ್ಮಾನ ಮಾಡಿದರೆ ಒಳ್ಳೆಯ ಗಿಟಾರೂ ಕೈತಪ್ಪಬಹುದು. ಚಿಕ್ಕ ಬಾಡಿಗೆ ಹೊಸಬರು 11ರ ಸೆಟ್ (ಅತಿ ಸಣ್ಣ ತಂತಿ 0.011 ಇಂಚು ದಪ್ಪ ಇರುವುದು) ಹಾಕಿಸಿಕೊಳ್ಳಿ, ಬೆರಳು ಗಟ್ಟಿಯಾದ ಮೇಲೆ 12 ನೋಡಿದರಾಯಿತು.

ಆನ್‌ಲೈನಿನಲ್ಲಿ ತರಿಸುವವರು ಅಳೆಯುವುದು ಹೇಗೆ ಅಂತ ಕೇಳುತ್ತಾರೆ. ಮಾರುವವರಿಗೆ ಬರೆದು, 12ನೇ ಫ್ರೆಟ್ಟಿನ ಪಕ್ಕ ಪಟ್ಟಿ ಹಿಡಿದ ಫೋಟೋ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ, ವಾಪಸ್ ಮಾಡುವ ಅವಕಾಶ ಇಲ್ಲದ ಕಡೆಯಂತೂ ಬೇಡವೇ ಬೇಡ. ಬಂದ ಮೇಲೆ ಟ್ಯೂನರ್ ಇಟ್ಟು ಪ್ರತಿ ತಂತಿಯಲ್ಲೂ 12ನೇ ಫ್ರೆಟ್ಟಿನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿ ಮೀಟಿದಾಗ ಬರುವ ಸ್ವರ) ಮತ್ತು ಅಲ್ಲೇ ಒತ್ತಿದ ಸ್ವರ ಎರಡನ್ನೂ ಹೋಲಿಸಿ. ಎರಡೂ ತುಂಬಾ ದೂರ ಹೋದರೆ ವಾಪಸ್ ಕಳಿಸಿ. ಕೈಯನ್ನು ಕುತ್ತಿಗೆಯ ಅಂಚಿನುದ್ದಕ್ಕೂ ಸವರಿ, ಫ್ರೆಟ್ ತುದಿ ಚುಚ್ಚಿದರೆ ಅದೂ ಒಂದು ದೂರು.

ಸೆಕೆಂಡ್ ಹ್ಯಾಂಡ್ ಆದರೆ ಇದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನದ್ದು ಸಿಗುತ್ತದೆ, ನಾನು ಕೇಳಿದವರಿಗೆಲ್ಲ ಅದನ್ನೇ ಹೇಳುವುದು. ಆದರೆ ಬ್ರಿಡ್ಜಿನ ಹಿಂಬದಿಯ ಅಂಚಿಗೆ ಒಂದು ತೆಳುವಾದ ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಬ್ರಿಡ್ಜ್ ಏಳುತ್ತಿದೆ ಅಂತ ಅರ್ಥ. ಬ್ರಿಡ್ಜಿನ ಹಿಂದೆ ಹಲಗೆ ಹೊಟ್ಟೆ ಉಬ್ಬಿದ ಹಾಗೆ ಎದ್ದಿದೆಯಾ, ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿಯ ಕೆಳಗೆ ಆಳವಾದ ಕಚ್ಚು ಬಿದ್ದಿದೆಯಾ, ತಂತಿ ಬಿಗಿಮಾಡುವ ಕಿವಿಗಳನ್ನು ತಿರುಗಿಸಿದರೆ ಲಟಲಟ ಅನ್ನುತ್ತವೆಯಾ ಅಂತಲೂ ನೋಡಿ. ಕಿವಿ ಹೊಸದು ಹಾಕಿಸಬಹುದು, ಅಷ್ಟು ಬೆಲೆ ಇಳಿಸಿ ಕೇಳಿ. ಹಲಗೆ ತೀರಾ ಉಬ್ಬಿದ್ದರೆ ಎಷ್ಟು ಇಳಿಸಿದರೂ ಬೇಡ.

ಇಂತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ